ನಲ್ಲತಂಬಿಗೆ ಹೇಳಿದ ಮಾತು

ಚಂದ್ರಹಾಸ ತಮಿಳು ಕಲಿತದ್ದು ಭದ್ರಾವತಿಯ ಜನ್ನಾಪುರದಲ್ಲಿ, ಪಕ್ಕದ ಮನೆಯ ಧನಮಕ್ಕನ ಅಡುಗೆಮನೆಯಲ್ಲಿ. ಅಪ್ಪ ಚೌಡಯ್ಯ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಕ್ಕಿದ್ದರು. ತಾಯಿ ಮಾಸ್ತಮ್ಮನಿಗೆ ಉಬ್ಬಸ. ಅವರು ಹಾಸಿಗೆ ಹಿಡಿದಾಗಲೆಲ್ಲ ಮಗನನ್ನು ಪಕ್ಕದ ಮನೆಗೆ ಕಳಿಸಿಬಿಡುತ್ತಿದ್ದರು. ಧನಮಕ್ಕ ಸೇಲಂ ಕಡೆಯವರು, ಗಂಡ ಅದೇ ಕಾರ್ಖಾನೆಯ ಫೌಂಡ್ರಿಯಲ್ಲಿ. ಮದುವೆಯಾಗಿ ಬಂದ ಹೊಸತು, ಕನ್ನಡ ಒಂದು ಮಾತೂ ಬಾರದು. ಚಂದ್ರಹಾಸ ಅವರಿಗೆ ಕನ್ನಡ ಕಲಿಸಿದರು, ಅವರು ಇವರಿಗೆ ತಮಿಳು ಕಲಿಸಿದರು. ಮಾತಾಡಲು ಬಂತೇ ಹೊರತು ಓದಲು ಬರೆಯಲು ಬರಲಿಲ್ಲ. ಮುಂದೆ ಸೈನ್ಯದಲ್ಲಿ ಆದದ್ದೆಲ್ಲ ಆ ತಮಿಳಿನಿಂದಲೇ ಆಯಿತು.

ನಾನು ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಚಂದ್ರಹಾಸ ಸೈನ್ಯದಿಂದ ನಿವೃತ್ತರಾಗಿ 1993ರಲ್ಲಿ ನಮ್ಮ ಶಾಲೆಯ ಗೇಟು ಕಾಯಲು ಬಂದರು. ಹತ್ತು ವರ್ಷ ನಮ್ಮಿಬ್ಬರ ನಡುವೆ ನಮಸ್ಕಾರ ಬಿಟ್ಟರೆ ಬೇರೆ ಮಾತಿರಲಿಲ್ಲ. ಆಮೇಲೆ ಒಂದು ಕಾರಣಕ್ಕೆ ಮಾತು ಶುರುವಾಯಿತು. ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದು ಅವರು ಹೇಳಿದ್ದು, ಉಳಿದದ್ದು ಅವರ ಹೆಂಡತಿ ಶೀಲಾ ಹೇಳಿದ್ದು.

ಹತ್ತೊಂಬತ್ತನೇ ವಯಸ್ಸಿಗೆ ಅವರು ಸೈನ್ಯ ಸೇರಿದ್ದರು. ಲಾರಿ ಓಡಿಸುವ ಕೆಲಸ. ಪಠಾಣ್‌ಕೋಟ್, ಜೋಧಪುರ, ಸಿಕ್ಕಿಂ ಎಂದು ಸುತ್ತಿದರು. ನಡುವೆ ರಜೆಯಲ್ಲಿ ಬಂದು ಶಿವಮೊಗ್ಗ ಕೋಟೆಯ ಹೂವಿನ ವ್ಯಾಪಾರಿಯ ಮಗಳು ಶೀಲಾಳನ್ನು ಮದುವೆಯಾದರು. ಮಗಳು ಮೈತ್ರಿ ಹುಟ್ಟಿದಾಗ ಅವರು ಸಿಕ್ಕಿಮಿನಲ್ಲಿದ್ದರು. 1987ರಲ್ಲಿ ಶ್ರೀಲಂಕಾಕ್ಕೆ ಹೋಗುವ ಆದೇಶ ಬಂತು. ಅಲ್ಲಿ ಸಿಂಹಳೀಯರ ಸರ್ಕಾರಕ್ಕೂ ತಮಿಳು ಹೋರಾಟಗಾರರಿಗೂ ನಡೆಯುತ್ತಿದ್ದ ಜಗಳ ನಿಲ್ಲಿಸಿ, ಶಾಂತಿ ಕಾಯಲೆಂದು ನಮ್ಮ ಸೈನ್ಯ ಹೋಗಿತ್ತು. ಮೊದಲ ವಾರಗಳಲ್ಲಿ ಊರ ಹೆಂಗಸರು ಲಾರಿಗೆ ಹೂವಿನ ಹಾರ ಹಾಕಿದರಂತೆ. ಮೂರು ತಿಂಗಳು ತುಂಬುವುದರೊಳಗೆ ಅದೇ ಹೋರಾಟಗಾರರ ಜೊತೆ ನಮ್ಮವರದೇ ಯುದ್ಧ ಶುರುವಾಯಿತು. ಎರಡು ವರ್ಷ ಕಳೆದರೂ ಮುಗಿಯಲಿಲ್ಲ.

ಚಂದ್ರಹಾಸರ ಪಡೆ ಇದ್ದದ್ದು ಲಂಕೆಯ ಉತ್ತರದಲ್ಲಿ, ವವುನಿಯಾ ಪಟ್ಟಣದಿಂದ ಮೇಲಕ್ಕೆ, ಒಂದು ಸಣ್ಣ ಊರಿನಲ್ಲಿ. ಕೆಂಪು ದೂಳು, ತಾಳೆ ಮರ, ಬೇಸಿಗೆಯಲ್ಲಿ ಬತ್ತುವ ಕೆರೆ. ಅವರು ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ತಮಿಳು ಬರುತ್ತದೆಂದು ಗೊತ್ತಾದ ಮೇಲೆ ಮನೆ ಶೋಧನೆಗೆ ಹೋಗುವಾಗಲೂ ಅವರನ್ನು ಕರೆದೊಯ್ಯತೊಡಗಿದರು. ಮೇಜರ್ ಹಿಂದಿಯಲ್ಲಿ ಕೇಳುತ್ತಿದ್ದರು, ಇವರು ತಮಿಳಿನಲ್ಲಿ ಕೇಳುತ್ತಿದ್ದರು. ಆ ಮನೆಯ ಹೆಂಗಸರು ಅಳುತ್ತ ಹೇಳಿದ್ದನ್ನೆಲ್ಲ ಮತ್ತೆ ಹಿಂದಿಗೆ ತಿರುಗಿಸಬೇಕು. “ಅತ್ತಿದ್ದನ್ನ ತಿರುಗ್ಸೋಕೆ ಆಗಲ್ಲ ಮೇಷ್ಟ್ರೆ, ಮಾತನ್ನ ಮಾತ್ರ ತಿರುಗಿಸ್ತಿದ್ದೆ” ಎಂದು ಅವರು ನನಗೆ ಹೇಳಿದರು.

ಆ ಊರಿಗೆ ನೀರು ಬಿಡುತ್ತಿದ್ದವರ ಹೆಸರು ನಲ್ಲತಂಬಿ. ಐವತ್ತರ ಆಸುಪಾಸು, ಒಣಕಲು ದೇಹ. ಪಂಪ್‌ಹೌಸಿನ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. ಟ್ಯಾಂಕರಿಗೆ ಪೈಪು ಹಾಕುವ ಮುಂಚೆ ದಿನವೂ ಬೊಗಸೆಯಲ್ಲಿ ಹಿಡಿದು ಒಂದು ಗುಟುಕು ತಾವು ಕುಡಿದು ನೋಡುವುದು ಅವರ ಅಭ್ಯಾಸ. ಚಂದ್ರಹಾಸರ ಮಾತು ಕೇಳಿದ ಮೊದಲ ದಿನ ಅವರು ನಕ್ಕುಬಿಟ್ಟರು.

“ಇದು ಯಾವ ಊರ ತಮಿಳು?”

“ಭದ್ರಾವತಿ.”

“ಅಂಥ ಊರು ತಮಿಳುನಾಡಲ್ಲಿ ಎಲ್ಲಿದೆ?”

“ತಮಿಳುನಾಡಲ್ಲಿಲ್ಲ” ಎಂದು ಇವರೂ ನಕ್ಕರು. ಅಲ್ಲಿಂದ ಪರಿಚಯ ಬೆಳೆಯಿತು. ನಲ್ಲತಂಬಿಯ ಮನೆಯಲ್ಲಿ ಹೆಂಡತಿ ಅನ್ನಪೂರಣಿ, ಕಾಲೇಜು ಓದುವ ಒಬ್ಬಳು ಮಗಳು. ಕೆಲವು ದಿನ ಬೆಳಿಗ್ಗೆ ಮನೆಯಿಂದ ಬಾಳೆ ಎಲೆಯಲ್ಲಿ ಅಕ್ಕಿ ಹಿಟ್ಟಿನ ಪಿಟ್ಟು ಕಟ್ಟಿಸಿಕೊಂಡು ಬರುತ್ತಿದ್ದರು.

1989ರ ಜನವರಿಯಲ್ಲಿ ಪಂಪ್‌ಹೌಸಿನ ಬಾಗಿಲಿಗೆ ಯಾರೋ ಒಂದು ಚೀಟಿ ಅಂಟಿಸಿ ಹೋದರು. ಸೈನ್ಯಕ್ಕೆ ನೀರು ಕೊಡುವವನು ದ್ರೋಹಿ ಎಂದು ಬರೆದಿತ್ತು. ಮರುದಿನದಿಂದ ನಲ್ಲತಂಬಿ ಕೆಲಸಕ್ಕೆ ಬರಲಿಲ್ಲ. ಮೂರು ದಿನ ಕ್ಯಾಂಪಿಗೆ ನೀರಿಲ್ಲ. ನೂರೈವತ್ತು ಜನ ಕೆರೆಯ ಕೆಸರು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರು. ನಾಲ್ಕನೇ ದಿನ ಚಂದ್ರಹಾಸ ಹೋಗಿ ನಲ್ಲತಂಬಿಯನ್ನು ಮನೆಯಿಂದ ಕರೆತಂದು ಮೇಜರ್ ಸಾಹೇಬರ ಮೇಜಿನ ಮುಂದೆ ನಿಲ್ಲಿಸಿದರು.

ನಲ್ಲತಂಬಿ ಕೇಳಿದ್ದು ಒಂದೇ ಮಾತು. “ಇವತ್ತು ನಾನು ನೀರು ಬಿಡ್ತೀನಿ. ನಾಳೆ ನೀವು ನಿಮ್ಮ ದೇಶಕ್ಕೆ ಹೋಗ್ತೀರಿ. ಆಮೇಲೆ ನನ್ನ ಗತಿ ಏನು ಅಂತ ಸಾಹೇಬರನ್ನ ಕೇಳು.”

ಚಂದ್ರಹಾಸ ಕೇಳಿದರು. ಮೇಜರ್ ಏನೋ ಬರೆಯುತ್ತಿದ್ದರು. ತಲೆ ಎತ್ತದೆ, “ದೇಖೇಂಗೆ” ಅಂದರು. ನೋಡೋಣ ಎಂದಷ್ಟೇ ಅದರ ಅರ್ಥ.

ಚಂದ್ರಹಾಸ ನಲ್ಲತಂಬಿಯ ಕಡೆ ತಿರುಗಿದರು. ಆ ಮನುಷ್ಯ ಇವರ ಬಾಯನ್ನೇ ನೋಡುತ್ತ ನಿಂತಿದ್ದರು. “ಬಯಪ್ಪಡಾದೀಂಗ, ನಾಂಗ ಇರುಕ್ಕೋಂ” ಎಂದರು ಚಂದ್ರಹಾಸ. ಹೆದರಬೇಡಿ, ನಾವಿದ್ದೀವಿ.

“ಸಾಹೇಬರು ಹೇಳಿದ್ದು ನೋಡೋಣ ಅಂತ. ನಾನು ಹೇಳಿದ್ದು ನಾವಿದ್ದೀವಿ ಅಂತ” ಎಂದು ಈ ಭಾಗವನ್ನು ಹೇಳುವಾಗ ಅವರು ಎರಡು ಸಲ ಬಿಡಿಸಿ ಹೇಳಿದರು. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. “ಬಾಯಾರಿಕೆ ಆಗಿತ್ತು ಮೇಷ್ಟ್ರೆ. ಅದೂ ಒಂದು. ಆ ಮುಖ ನೋಡ್ಕೊಂಡು ನೋಡೋಣ ಅನ್ನೋಕೆ ಬಾಯಿ ಬರ್ಲಿಲ್ಲ, ಅದೂ ಒಂದು.”

ನಲ್ಲತಂಬಿ ಮಾರನೆಯ ದಿನದಿಂದ ಮತ್ತೆ ನೀರು ಬಿಟ್ಟರು.

ಏಪ್ರಿಲ್ ತಿಂಗಳಲ್ಲಿ ಪಂಪ್‌ಹೌಸಿನಿಂದ ಬರುವ ದಾರಿಯಲ್ಲಿ ನೆಲಬಾಂಬು ಸಿಡಿಯಿತು. ಆ ದಿನ ಟ್ಯಾಂಕರ್ ಓಡಿಸುತ್ತಿದ್ದವನು ತ್ರಿವಿಕ್ರಮ, ಶಿವಮೊಗ್ಗದ ಆಲ್ಕೊಳದವನು, ಇಪ್ಪತ್ತಾರು ವರ್ಷ. ಅಷ್ಟು ದೂರದ ಊರಿನಲ್ಲಿ ಕನ್ನಡದಲ್ಲಿ ಜಗಳ ಆಡಲು ಚಂದ್ರಹಾಸರಿಗೆ ಇದ್ದವನು ಅವನೊಬ್ಬನೇ. ಒಡೆದ ಟ್ಯಾಂಕರಿನ ನೀರೆಲ್ಲ ದೂಳಿನಲ್ಲಿ ಹರಿದು, ಅವನು ಸತ್ತು ಬಿದ್ದಿದ್ದ ಜಾಗ ಕೆಸರಾಗಿತ್ತು. ಚಂದ್ರಹಾಸ ಅಲ್ಲಿಂದ ನೆಟ್ಟಗೆ ಪಂಪ್‌ಹೌಸಿಗೆ ಹೋದರು. ಯಾರೂ ಹೋಗು ಎಂದಿರಲಿಲ್ಲ. ನಲ್ಲತಂಬಿಯ ಅಂಗಿಯ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದರು.

“ಯಾರು ಇಟ್ಟಿದ್ದು? ನಿಮಗೆ ಗೊತ್ತಿರುತ್ತೆ. ಹೇಳಿ.”

ನಲ್ಲತಂಬಿ ಆ ಊರ ಶಾಲೆಯ ಹಿಂದಿನ ಒಂದು ಮನೆಯ ಗುರುತು ಹೇಳಿದರು. ಸೈಕಲ್ ರಿಪೇರಿ ಮಾಡುವವನ ಮನೆ. ಸಂಜೆಯೊಳಗೆ ಅವನನ್ನು ಹಿಡಿದು ಬೇರೆ ಕ್ಯಾಂಪಿಗೆ ಕಳಿಸಿದರು. ಅವನು ನಿಜವಾಗಿ ಬಾಂಬು ಇಟ್ಟವನೋ, ಹೆದರಿಕೆಗೆ ನಲ್ಲತಂಬಿ ಬಾಯಿಗೆ ಬಂದ ಹೆಸರು ಹೇಳಿದರೋ ಚಂದ್ರಹಾಸರಿಗೆ ಇವತ್ತಿಗೂ ಗೊತ್ತಿಲ್ಲ. ಅವನು ಮುಂದೆ ಏನಾದ ಎಂಬುದೂ ಗೊತ್ತಿಲ್ಲ.

ಇತ್ತ ಭದ್ರಾವತಿಯಲ್ಲಿ ಆ ವರ್ಷದ ಕೊನೆಗೆ ಎಲ್ಲರ ಬಾಯಲ್ಲೂ ಲಂಕೆಯದೇ ಮಾತು. ಚುನಾವಣೆ ಮುಗಿದು ದೆಹಲಿಯಲ್ಲಿ ಹೊಸ ಸರ್ಕಾರ ಬಂದಿತ್ತು. ಸೈನ್ಯವನ್ನು ಪೂರ್ತಿ ವಾಪಸ್ ಕರೆಸಿಕೊಳ್ಳಬೇಕೋ ಬೇಡವೋ ಎಂದು ಹೋಟೆಲಿನಲ್ಲಿ, ಬಸ್ಸಿನಲ್ಲಿ, ಕಾರ್ಖಾನೆಯ ಗೇಟಿನಲ್ಲಿ ಜನ ವಾದ ಮಾಡುತ್ತಿದ್ದರು. ನಮ್ಮ ಸೈನಿಕರು ಸಾವಿರಕ್ಕೂ ಹೆಚ್ಚು ಜನ ಆಗಲೇ ಸತ್ತಿದ್ದರು. ಶೀಲಾ ಒಂದು ಭಾನುವಾರ ಲಂಕೆಗೆ ಹೋದ ಸೈನಿಕರ ಮನೆಯ ಹೆಂಗಸರನ್ನು ತಮ್ಮ ಮನೆಗೆ ಕರೆದರು. ಜನ್ನಾಪುರ, ಹೊಸಮನೆ, ಶಿವಮೊಗ್ಗ ಎಲ್ಲ ಸೇರಿ ಒಂಬತ್ತು ಜನ ಬಂದರು. ಇನ್ನು ಸಾಕು, ನಮ್ಮವರನ್ನು ವಾಪಸ್ ಕರೆಸಿ ಎಂದು ಪ್ರಧಾನ ಮಂತ್ರಿಗೆ ಒಂದು ಕಾಗದ ಬರೆದರು.

ಮಾವ ಚೌಡಯ್ಯ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡವರು, ಹೆಂಗಸರು ಹೋದ ಮೇಲೆ ಒಳಗೆ ಬಂದರು.

“ಅರ್ಧಕ್ಕೆ ಬಿಟ್ಟು ಬಾ ಅಂತ ಬರೀತೀಯಲ್ಲ ಶೀಲಾ, ನಾಳೆ ನಿನ್ನ ಗಂಡ ತಲೆ ಎತ್ಕೊಂಡು ಓಡಾಡ್ಬೇಕೋ ಬೇಡ್ವೋ?”

“ತಲೆ ಇದ್ರೆ ತಾನೆ ಮಾವ ಎತ್ಕೊಂಡು ಓಡಾಡೋದು?”

“ಫರ್ನೇಸ್ ಹೊತ್ತಿಸಿದ ಮೇಲೆ ಸುಮ್ನೆ ಬಿಟ್ಟು ಮನೆಗೆ ಬರೋಕಾಗುತ್ತಾ? ಹತ್ತಿಸಿದೋರೇ ನಿಂತು ಆರಿಸ್ಬೇಕು.”

“ಹೊತ್ತಿಸಿದೋರು ದೆಹಲೀಲಿ ಕೂತವ್ರೆ. ಅವರೇ ಹೋಗಿ ನಿಂತ್ಕೊಳ್ಳಲಿ.”

ಚೌಡಯ್ಯ ಟವೆಲು ಕೊಡವಿ ಹೊರಗೆ ಹೋದರು. ಆ ಹೊತ್ತಿಗೆ ಪಕ್ಕದ ಮನೆಯ ಧನಮಕ್ಕ ಬಂದರು. ಸೇಲಮಿನ ನೆಂಟರು ಬರೆದ ಕಾಗದಗಳಿಂದ ಅವರಿಗೆ ಲಂಕೆಯ ಬೇರೆಯೇ ಸುದ್ದಿ, ನಮ್ಮ ಸೈನ್ಯದ ಕೈಯಲ್ಲಿ ಅಲ್ಲಿನ ತಮಿಳರು ಸತ್ತ ಸುದ್ದಿ, ಗೊತ್ತಿತ್ತು. ಕೆಲವು ತಿಂಗಳಿಂದ ಶೀಲಾ ಜೊತೆ ಮಾತು ಕಡಿಮೆ ಮಾಡಿದ್ದರು.

“ಎಲ್ಲಿ, ನಾನೂ ಸೈನ್ ಹಾಕ್ತೀನಿ ಕೊಡು.”

“ನಿಮ್ಮ ಮನೆಯೋರು ಯಾರೂ ಮಿಲಿಟ್ರೀಲಿ ಇಲ್ವಲ್ಲಕ್ಕ.”

“ನೀನು ನಿನ್ ಗಂಡ ಸಾಯಬಾರ್ದು ಅಂತ ಬರ್ದಿದೀಯ. ನಾನು ಅವನು ಯಾರನ್ನೂ ಕೊಲ್ಲಬಾರ್ದು ಅಂತ ಹಾಕ್ತೀನಿ. ನಾನು ತಿನ್ನಿಸಿ ಬೆಳೆಸಿದ ಮಗು ಅದು.”

ಶೀಲಾ ಕಾಗದ ಕೊಟ್ಟರು. ಧನಮಕ್ಕ ತಮಿಳಿನಲ್ಲಿ ಸಹಿ ಹಾಕಿದರು.

ಮರುದಿನ ಶೀಲಾ ಬಸ್ಸು ಹತ್ತಿ ಆಲ್ಕೊಳಕ್ಕೆ ಹೋದರು. ತ್ರಿವಿಕ್ರಮನ ತಾಯಿ ದಾಕ್ಷಾಯಣಮ್ಮ ಅಲ್ಲಿದ್ದರು. ಮಗನನ್ನು ಕಳೆದುಕೊಂಡವರ ಸಹಿ ಇದ್ದರೆ ಕಾಗದಕ್ಕೆ ತೂಕ ಬರುತ್ತದೆ ಎಂದು ಯಾರೋ ಹೇಳಿದ್ದರು. ದಾಕ್ಷಾಯಣಮ್ಮ ಕನ್ನಡಕ ಹಾಕಿಕೊಂಡು ಎರಡು ಪುಟವನ್ನೂ ಓದಿದರು. ಮಡಚಿ ವಾಪಸ್ ಕೊಟ್ಟರು.

“ನಾನು ಹಾಕಲ್ಲಮ್ಮ.”

“ಅಮ್ಮ, ಇನ್ನೊಬ್ಬರ ಮಗನಿಗೆ ಹಾಗಾಗಬಾರ್ದು ಅಂತ…”

“ಗೊತ್ತು ಕಣಮ್ಮ. ನೀನು ಕೇಳೋದ್ರಲ್ಲಿ ತಪ್ಪಿಲ್ಲ. ಆದ್ರೆ ಎಂಟು ತಿಂಗಳ ಹಿಂದೆ ಅವನ ಹೆಣ ಕಳಿಸಿ, ದೇಶದ ಕೆಲಸ ಅಂದ್ರು. ಈಗ ಎಲ್ರೂ ಗಂಟುಮೂಟೆ ಕಟ್ಕೊಂಡು ಬಂದ್ಬಿಟ್ರೆ ಅದು ಯಾವ ಕೆಲಸ ಆಗಿತ್ತು? ನಾನು ಸೈನ್ ಹಾಕಿದ್ರೆ ಅವನು ಸುಮ್ನೆ ಸತ್ತ ಅಂತ ನಾನೇ ಬರ್ಕೊಟ್ಟ ಹಾಗಲ್ವಾ?”

ಶೀಲಾ ಕಾಫಿ ಕುಡಿದು ಎದ್ದು ಬಂದರು. ಕಾಗದವನ್ನು ಹನ್ನೊಂದು ಸಹಿಯೊಂದಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರು. ಉತ್ತರ ಬರಲಿಲ್ಲ. ಆದರೆ ಹೊಸ ವರ್ಷ ಬರುವ ಹೊತ್ತಿಗೆ ಸೈನ್ಯವೆಲ್ಲ ಮಾರ್ಚಿನೊಳಗೆ ವಾಪಸ್ ಎಂದು ಭದ್ರಾವತಿ ಆಕಾಶವಾಣಿಯಲ್ಲೇ ಹೇಳಿದರು. ಸಾಲಿನ ಮನೆಗಳಿಗೆಲ್ಲ ಶೀಲಾ ಸಜ್ಜಿಗೆ ಹಂಚಿದರು.

ಚಂದ್ರಹಾಸರ ಪಡೆ ಆ ಸಣ್ಣ ಊರನ್ನು ಬಿಟ್ಟದ್ದು ಜನವರಿಯಲ್ಲಿ. ಹೊರಡುವ ಹಿಂದಿನ ದಿನ ಬೆಳಿಗ್ಗೆ ಕ್ಯಾಂಪಿನ ಗೇಟಿನ ಹತ್ತಿರ ನಲ್ಲತಂಬಿ ಬಂದು ನಿಂತಿದ್ದರು. ಜೊತೆಯಲ್ಲಿ ಹೆಂಡತಿ ಮತ್ತು ಮಗಳು, ಒಂದು ತಗಡಿನ ಪೆಟ್ಟಿಗೆ.

“ಮೂರು ಜನ. ಲಾರೀಲಿ ಹಿಂದೆ ಕೂತ್ಕೋತೀವಿ. ತ್ರಿಂಕೋಮಲೆ ಬಂದರಿನ ತನಕ ಬಿಟ್ರೆ ಸಾಕು.”

ಚಂದ್ರಹಾಸ ಸುಬೇದಾರರನ್ನು ಕೇಳಿದರು. ಊರಿನವರನ್ನು ಹತ್ತಿಸಿಕೊಳ್ಳಲು ಆದೇಶ ಇಲ್ಲ ಎಂದರು ಅವರು. ಸೈನ್ಯಕ್ಕೆ ಸಹಾಯ ಮಾಡಿದ ಕೆಲವರನ್ನು ಹಡಗಿನಲ್ಲಿ ಕರೆದೊಯ್ಯಲು ಪಟ್ಟಿ ಇದೆಯಂತೆ, ಅದರಲ್ಲಿ ದೊಡ್ಡವರ ಹೆಸರುಗಳಿವೆ. ನೀರು ಬಿಡುವವರ ಹೆಸರು ಯಾರೂ ಬರೆದಿರಲಿಲ್ಲ. ಚಂದ್ರಹಾಸ ಮೇಜರ್ ಸಾಹೇಬರ ಹತ್ತಿರ ಹೋಗಲು ನೋಡಿದರು. ಆದರೆ ಈಗಿದ್ದವರು ಬೇರೆ ಯಾರೋ, ಹಳೆಯ ಮೇಜರಿಗೆ ವರ್ಗವಾಗಿ ಆರು ತಿಂಗಳಾಗಿತ್ತು. ಹೊಸಬರಿಗೆ ನಲ್ಲತಂಬಿ ಯಾರೆಂದೇ ಗೊತ್ತಿರಲಿಲ್ಲ.

ಗೇಟಿಗೆ ಬಂದು ಆಗುವುದಿಲ್ಲ ಎಂದು ಹೇಳಬೇಕಾಯಿತು. ಈ ಸಲ ಚಂದ್ರಹಾಸ ಏನನ್ನೂ ಸೇರಿಸಲಿಲ್ಲ. ನಲ್ಲತಂಬಿ ಬೈಯಲಿಲ್ಲ, ಕೈ ಮುಗಿಯಲಿಲ್ಲ. ಹೆಂಡತಿ ಮಗಳನ್ನು ಪೆಟ್ಟಿಗೆ ಸಮೇತ ಮನೆಗೆ ಕಳಿಸಿ, ಉಡಿದಾರದಿಂದ ಕೀಲಿ ಬಿಚ್ಚಿ ಪಂಪ್‌ಹೌಸಿನ ಕಡೆ ನಡೆದರು.

“ಟ್ಯಾಂಕರ್ ತಾ. ನೀರು ತುಂಬಿಸ್ಕೊಂಡು ಹೋಗಿ. ತ್ರಿಂಕೋಮಲೆ ದಾರೀಲಿ ಎಲ್ಲೂ ಒಳ್ಳೆ ನೀರು ಸಿಗಲ್ಲ.”

ತುಂಬಿಸಿಕೊಟ್ಟರು. ಬೊಗಸೆಯಲ್ಲಿ ಹಿಡಿದು ಕುಡಿದು ನೋಡಿಯೇ ತುಂಬಿಸಿದರು. ಅದೇ ಕೊನೆ.

ಚಂದ್ರಹಾಸ ಮಾರ್ಚಿನಲ್ಲಿ ಹಡಗಿನಲ್ಲಿ ಮದರಾಸಿಗೆ, ಅಲ್ಲಿಂದ ರೈಲಿನಲ್ಲಿ ಊರಿಗೆ ಬಂದರು. ಶೀಲಾ ಮಗಳನ್ನು ಎತ್ತಿಕೊಂಡು ಭದ್ರಾವತಿ ಸ್ಟೇಷನ್ನಿಗೆ ಹೋಗಿದ್ದರು. ಕೋಟೆಯ ತವರಿನಿಂದ ದೊಡ್ಡ ಹಾರ ಬಂದಿತ್ತು. ಮಾಸ್ತಮ್ಮ ಉಬ್ಬಸದಲ್ಲೂ ಹೋಳಿಗೆ ತಟ್ಟಿದ್ದರು. ಊಟಕ್ಕೆ ಕೂತಾಗ ಶೀಲಾ ತಾವು ಬರೆದ ಕಾಗದದ ಕತೆ ಹೇಳಿದರು. ದೆಹಲಿಯವರು ಓದಿರಬಹುದು, ಯಾರಿಗೆ ಗೊತ್ತು ಎಂದರು. ಚಂದ್ರಹಾಸ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು.

“ಯಾರು ಬರೀ ಅಂದ್ರು ನಿಂಗೆ?”

“ಯಾರನ್ಬೇಕು? ನೀವು ಬದುಕಿ ಬರ್ಲಿ ಅಂತ ಬರ್ದೆ.”

“ಬಂದೆನಲ್ಲ. ಕುಣಿ ಈಗ.”

ಹಾಗೆ ಅಂದು ಎದ್ದು ಕೈ ತೊಳೆದರು. ಏಳು ವರ್ಷದ ಮದುವೆಯಲ್ಲಿ ಅವರು ಶೀಲಾಗೆ ದನಿ ಏರಿಸಿದ್ದು ಅದೇ ಮೊದಲು. ಯಾಕೆ ಎಂದು ಹೇಳಲಿಲ್ಲ. ಶೀಲಾ ಬಹಳ ವರ್ಷ, ತಾವು ಕಾಗದ ಬರೆದದ್ದಕ್ಕೇ ಗಂಡನಿಗೆ ಸಿಟ್ಟು ಎಂದುಕೊಂಡಿದ್ದರು. ಪಕ್ಕದ ಮನೆಯ ಧನಮಕ್ಕ ಆ ದಿನ ಬರಲಿಲ್ಲ. ಮೂರನೇ ದಿನ ಚಂದ್ರಹಾಸರೇ ಹೋದರು. ಧನಮಕ್ಕ ಇಡ್ಲಿ ಹಾಕಿಕೊಟ್ಟು, ಎದುರಿಗೆ ಕೂತು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವರು ನನಗೆ ಹೇಳಿದರು.

ಆ ರಜೆಯಲ್ಲೇ ಅವರು ಆಲ್ಕೊಳಕ್ಕೆ ಹೋಗಿ ದಾಕ್ಷಾಯಣಮ್ಮನನ್ನು ಕಂಡರು. ತ್ರಿವಿಕ್ರಮನ ಕೊನೆಯ ದಿನದ ಬಗ್ಗೆ ತಾಯಿ ಕೇಳಿದ್ದಕ್ಕೆಲ್ಲ ಮುಚ್ಚಿಡದೆ ಹೇಳಿದರು.

“ಇಟ್ಟೋನು ಸಿಕ್ಕಿದ್ನಾ?” ಎಂದರು ದಾಕ್ಷಾಯಣಮ್ಮ.

“ಒಬ್ಬನ್ನ ಹಿಡಿದ್ರಮ್ಮ. ಅವನೇ ಹೌದೋ ಅಲ್ವೋ ಗೊತ್ತಿಲ್ಲ.”

“ಹಿಡಿಯೋಕೆ ನೀನೂ ಹೋಗಿದ್ಯಾ? ಅವನ ಮನೇಲಿ ಯಾರಿದ್ರು?”

“ಹೆಂಡ್ತಿ. ಹೊಲಿಗೆ ಮೆಷಿನ್ ಮುಂದೆ ಕೂತಿದ್ರು.”

“ಏನಂದೆ ಅವಳಿಗೆ?”

“ವಿಚಾರಿಸ್ಕೊಂಡು ಕಳಿಸ್ತೀವಿ ಅಂದೆ.”

ದಾಕ್ಷಾಯಣಮ್ಮ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. “ನಮ್ಮ ಮನೆಗೆ ಸುದ್ದಿ ತಂದೋನೂ ಗಾಯ ಆಗಿದೆ ಅಷ್ಟೇ ಅಂದಿದ್ದ” ಎಂದರು. ಆಮೇಲೆ ಅವರಿಬ್ಬರೂ ಯುದ್ಧದ ಮಾತಾಡಲಿಲ್ಲ. ಚಂದ್ರಹಾಸ ಶಾಲೆಗೆ ಸೇರಿದ ಮೇಲೆ ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಸೌದೆಯೋ ಸೀಮೆಎಣ್ಣೆಯೋ ತಂದುಕೊಟ್ಟು ಬರುತ್ತಿದ್ದರು. 1999ರಲ್ಲಿ ಆಕೆ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಇವರೂ ಒಬ್ಬರು.

ಇನ್ನು ನಮ್ಮ ಶಾಲೆಯ ಸಂಗತಿ. 2003ರಲ್ಲಿ ಅಮೆರಿಕ ಇರಾಕಿಗೆ ಸೈನ್ಯ ಕಳಿಸಿ ಎಂದು ನಮ್ಮ ದೇಶವನ್ನು ಕೇಳಿತ್ತು. ಕಳಿಸಬೇಕೋ ಬೇಡವೋ ಎಂದು ನಾನು ಮಕ್ಕಳಿಗೆ ಚರ್ಚಾಸ್ಪರ್ಧೆ ಏರ್ಪಡಿಸಿದೆ. ನಮ್ಮಲ್ಲೇ ಒಬ್ಬ ನಿವೃತ್ತ ಸೈನಿಕರಿದ್ದಾರಲ್ಲ ಎಂದು ಹುರುಪಿನಲ್ಲಿ ಚಂದ್ರಹಾಸರನ್ನು ಬಲವಂತ ಮಾಡಿ ವೇದಿಕೆಯ ಮೇಲೆ ಕೂರಿಸಿದೆ. ಹತ್ತನೇ ತರಗತಿಯ ಸಂಧ್ಯಾ ಎಂಬ ಹುಡುಗಿ ಬಹಳ ಚೆನ್ನಾಗಿ ಮಾತಾಡಿದಳು. ನಮ್ಮ ಸೈನಿಕರು ಹೋಗಲಿ, ಅಲ್ಲಿನ ಜನರಿಗೆ ಆಸರೆಯಾಗಲಿ, ಕೆಲಸ ಮುಗಿದ ದಿನ ವಾಪಸ್ ಬರಲಿ ಎಂದಳು. ಚಪ್ಪಾಳೆ ಬಿತ್ತು. ಕೊನೆಗೆ ಎರಡು ಮಾತು ಹೇಳಿ ಎಂದು ಚಂದ್ರಹಾಸರಿಗೆ ಮೈಕು ಕೊಟ್ಟೆ.

ಅವರು ಎದ್ದು ನಿಂತರು. ಸಂಧ್ಯಾಳ ಕಡೆ ನೋಡಿ, “ವಾಪಸ್ ಬರೋ ದಿನ, ಅಲ್ಲಿ ನಿಮಗೆ ನೀರು ಬಿಟ್ಟೋರನ್ನ ಏನು ಮಾಡ್ತೀರಮ್ಮ?” ಎಂದು ಕೇಳಿದರು. ಹುಡುಗಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅವರು ಮೈಕು ಮೇಜಿನ ಮೇಲಿಟ್ಟು ಗೇಟಿಗೆ ಹೋದರು.

ಆ ಸಂಜೆ ನಾನು ಗೇಟಿನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಸ್ಟೂಲು ಎಳೆದು ಕೊಟ್ಟರು. ಹೇಳತೊಡಗಿದರು. ಹೇಳಿ ಮುಗಿಸಲು ಎಂಟು ಹತ್ತು ಸಂಜೆ ಬೇಕಾಯಿತು. ಕೊನೆಗೆ ನಾನು, ಲಂಕೆಯಲ್ಲೀಗ ಕದನ ವಿರಾಮ ಇದೆ, ಅಂಚೆ ಹೋಗುತ್ತದೆ, ಒಂದು ಕಾಗದ ಬರೆದು ನೋಡಿ ಎಂದೆ. ಹಾಗೆ ಹೇಳಿದ್ದು ಸರಿಯೋ ತಪ್ಪೋ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ತಮಿಳು ಬರೆಯಲು ಬಾರದ್ದರಿಂದ ಅವರು ಧನಮಕ್ಕನ ಹತ್ತಿರವೇ ಹೋಗಬೇಕಾಯಿತು. ಧನಮಕ್ಕನಿಗೆ ಆಗ ಅರವತ್ತು ದಾಟಿತ್ತು, ಗಂಡ ತೀರಿಕೊಂಡಿದ್ದರು. ಹದಿಮೂರು ವರ್ಷ ಕೇಳದೇ ಉಳಿದದ್ದನ್ನೆಲ್ಲ ಅವರು ಆ ಒಂದು ಮಧ್ಯಾಹ್ನ ಕೇಳಿದರು. ಶೀಲಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಗಂಡನ ಬಾಯಿಂದ ನಲ್ಲತಂಬಿ ಎಂಬ ಹೆಸರನ್ನು ಶೀಲಾ ಕೇಳಿದ್ದು ಅಂದೇ ಮೊದಲು. ನಲ್ಲತಂಬಿ, ಪಂಪ್ ಆಪರೇಟರ್ ಎಂದು ಊರಿನ ಹೆಸರು ಬರೆದು ಕಾಗದ ಹಾಕಿದರು. ಕ್ಷೇಮವೇ, ಎಲ್ಲಿದ್ದೀರಿ ಎಂದಷ್ಟೇ ಅದರಲ್ಲಿತ್ತು.

ನಾಲ್ಕು ತಿಂಗಳಾದ ಮೇಲೆ ಉತ್ತರ ಬಂತು. ಬರೆಸಿದ್ದು ನಲ್ಲತಂಬಿಯ ಹೆಂಡತಿ ಅನ್ನಪೂರಣಿ. ನೀವು ಹೋದ ಹನ್ನೊಂದನೆಯ ದಿನ ನಾಲ್ಕು ಜನ ಬಂದು ಕರೆದರು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವರು ಹೊರಟರು, ಮೂರನೆಯ ದಿನ ಪಂಪ್‌ಹೌಸಿನ ಹಿಂದೆ ಸಿಕ್ಕರು ಎಂದಿತ್ತು. ಕೊರಳಿಗೆ ಒಂದು ರಟ್ಟು ಕಟ್ಟಿದ್ದರಂತೆ. ಅದರಲ್ಲಿ ಏನು ಬರೆದಿತ್ತೆಂದು ನಾನು ಬರೆಸುವುದಿಲ್ಲ, ನಿಮಗೆ ತಿಳಿಯುತ್ತದೆ ಎಂದಿದ್ದರು.

ಆಮೇಲೆ ಅವರು ಒಂದು ಉಪಕಾರ ಕೇಳಿದ್ದರು. ಮಗಳಿಗೆ ಮೂವತ್ತಮೂರಾಗಿದೆ. ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಗಂಡು ಗೊತ್ತಾದಾಗಲೆಲ್ಲ, ಸೈನ್ಯಕ್ಕೆ ಹೆಸರು ತೋರಿಸಿಕೊಟ್ಟವನ ಮಗಳು ಎಂದು ಯಾರೋ ಹೇಳುತ್ತಾರೆ, ಮದುವೆ ಮುರಿಯುತ್ತದೆ. ನೀವು ಅಲ್ಲಿ ಇದ್ದವರು. ನನ್ನ ಗಂಡ ನೀರು ಮಾತ್ರ ಬಿಟ್ಟರು, ಯಾರನ್ನೂ ತೋರಿಸಿಕೊಡಲಿಲ್ಲ ಎಂದು ನಿಮ್ಮ ಹೆಸರು, ನಂಬರು ಹಾಕಿ ಬರೆದುಕೊಡಿ. ಊರಿನ ಹಿರಿಯರಿಗೆ ತೋರಿಸುತ್ತೇನೆ.

ಧನಮಕ್ಕ ಓದಿ ಮುಗಿಸಿ ಕಾಗದವನ್ನು ಮಡಿಲಲ್ಲಿ ಇಟ್ಟುಕೊಂಡರು. ಚಂದ್ರಹಾಸ ಹದಿನೈದು ದಿನ ಏನೂ ಮಾಡಲಿಲ್ಲ. ಶಾಲೆಗೆ ಬಂದು ಗೇಟಿನಲ್ಲಿ ನಿಲ್ಲುತ್ತಿದ್ದರು, ಬಸ್ಸು ಹತ್ತಿ ಹೋಗುತ್ತಿದ್ದರು. ಒಂದು ಸಂಜೆ ನಾನೇ ಕೇಳಿದೆ.

“ಬರ್ದಿರಾ?”

“ಹೆಂಗೆ ಬರೀಲಿ ಮೇಷ್ಟ್ರೆ? ಆ ಊರಲ್ಲೇ ಸೈಕಲ್ ರಿಪೇರಿಯವನ ಹೆಂಡ್ತಿನೂ ಇರ್ತಾರೆ. ಹಿರಿಯರು ಕಾಗದ ಓದೋವಾಗ ಅವರೂ ಕೇಳ್ತಾರೆ. ಇವರ ಮನೆ ಮೇಲಿನ ಮಾತು ಅಳಿಸೋಕೆ ಹೋಗಿ ಅವರ ಗಂಡ ಹೋದದ್ದನ್ನೂ ಅಳಿಸ್ದಂಗಾಗುತ್ತೆ.”

“ಬರೀದೆ ಹೋದ್ರೆ?”

“ಬರೀದೆ ಹೋದ್ರೆ ನಲ್ಲತಂಬಿ ಅಷ್ಟೇ ಆಗಿಬಿಡ್ತಾರೆ. ಆ ರಟ್ಟಿನಲ್ಲಿದ್ದ ಮಾತಷ್ಟೇ.”

ಕೊನೆಗೆ ಬರೆಸಿದರು. ಧನಮಕ್ಕ ಪೆನ್ನು ಹಿಡಿದು ಕೂತರು, ಇವರು ಹೇಳುತ್ತ ಹೋದರು. ನಲ್ಲತಂಬಿಯವರು ನೀರು ಬಿಡುವ ಕೆಲಸ ಮಾತ್ರ ಮಾಡಿದರು, ಯಾರ ಹೆಸರನ್ನೂ ಹೇಳಲಿಲ್ಲ ಎಂಬಲ್ಲಿಗೆ ಬಂದಾಗ ಧನಮಕ್ಕನ ಕೈ ನಿಂತಿತು.

“ನಿಜವಾ ಚಂದ್ರ?”

“ಬರೀರಿ ಅಕ್ಕ.”

ಬರೆದರು. ಅದರ ಕೆಳಗೆ ಚಂದ್ರಹಾಸ ಇನ್ನೊಂದು ಸಾಲು ಹೇಳಿದರು. ಹೆದರಬೇಡಿ, ನಾವಿದ್ದೀವಿ ಎಂದು ನಿಮ್ಮ ಯಜಮಾನರಿಗೆ ಹೇಳಿದ್ದು ಸಾಹೇಬರಲ್ಲ, ನಾನು. ಆ ಸಾಲನ್ನು ಬೇರೆ ಹಾಳೆಯಲ್ಲಿ ಬರೆದು ಒಳಗಿಡಿ, ಹಿರಿಯರಿಗೆ ತೋರಿಸುವುದಕ್ಕಲ್ಲ, ಅವರೊಬ್ಬರೇ ಓದಲಿ ಎಂದರು. ಹೆಸರು, ಸೈನ್ಯದ ನಂಬರು ಬರೆದು ಕನ್ನಡದಲ್ಲಿ ಸಹಿ ಹಾಕಿದರು.

ಅಂಚೆಗೆ ಹಾಕಿ ಬಂದ ದಿನ ಶೀಲಾ ಅಕ್ಕಿ ಆರಿಸುತ್ತ ಕೂತಿದ್ದರು. ಅವರೇ ಮಾತು ತೆಗೆದರು.

“ಅವತ್ತು ಊಟ ಬಿಟ್ಟು ಎದ್ರಲ್ಲ, ಇದಕ್ಕೇನಾ?”

“ಹ್ಞೂಂ.”

“ನಂಗೆ ಹೇಳ್ಬಹುದಿತ್ತು. ಹದಿನಾಲ್ಕು ವರ್ಷ ರೀ. ನಾನು ಬರ್ದಿದ್ದಕ್ಕೇ ಸಿಟ್ಟು ಅಂತ ತಿಳ್ಕೊಂಡಿದ್ದೆ.”

“ಸಿಟ್ಟು ನಿನ್ ಮೇಲಲ್ಲ ಮಾರಾಯ್ತಿ.”

“ಇರ್ಲಿ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಲ್ಲತಂಬಿ ವಿಷ್ಯ ಅವತ್ತೇ ಗೊತ್ತಿದ್ರೂ ನಾನು ಆ ಕಾಗದ ಬರೀತಿದ್ದೆ.”

ಚಂದ್ರಹಾಸ ಅವರ ಪಕ್ಕದಲ್ಲಿ ಕೂತು ಮೊರದಿಂದ ಒಂದು ಕಲ್ಲು ಆರಿಸಿ ಎಸೆದರು. “ನಿನ್ನ ಜಾಗದಲ್ಲಿದ್ರೆ ನಾನೂ ಬರೀತಿದ್ದೆ. ಅವರ ಹೆಂಡ್ತಿ ಜಾಗದಲ್ಲಿದ್ರೆ ಹೋಗ್ಬೇಡಿ ಅಂತ ಲಾರಿಗೆ ಅಡ್ಡ ಮಲಗ್ತಿದ್ದೆ” ಎಂದರು.

2005ರಲ್ಲಿ ತಮಿಳಿನಲ್ಲಿ ಅಚ್ಚಾದ, ನಲ್ಲತಂಬಿಯ ಮಗಳ ಮದುವೆ ಕಾಗದ ಜನ್ನಾಪುರಕ್ಕೆ ಬಂತು. ಜೊತೆಗೆ ಬೇರೇನೂ ಬರೆದಿರಲಿಲ್ಲ. ಅನ್ನಪೂರಣಿ ಆ ಬೇರೆ ಹಾಳೆಯನ್ನು ಓದಿ ಏನಂದುಕೊಂಡರು, ಸೈಕಲ್ ರಿಪೇರಿಯವನ ಹೆಂಡತಿ ಏನಂದರು, ಒಂದೂ ತಿಳಿಯಲಿಲ್ಲ. ಶೀಲಾ ಒಂದು ಸೀರೆ ಕಳಿಸಿದರು. ಮುಟ್ಟಿದ ಸುದ್ದಿ ಇಲ್ಲ. ಮರುವರ್ಷ ಅಲ್ಲಿ ಮತ್ತೆ ಯುದ್ಧ ಶುರುವಾಯಿತು, ಮೂರು ವರ್ಷ ನಡೆಯಿತು. ಧನಮಕ್ಕ ಬರೆದುಕೊಟ್ಟ ಎರಡು ಕಾಗದಗಳು ವಿಳಾಸದಾರರಿಲ್ಲವೆಂಬ ಮುದ್ರೆಯೊಂದಿಗೆ ಹಿಂದೆ ಬಂದವು. 2008ರಲ್ಲಿ ಧನಮಕ್ಕನೂ ತೀರಿಕೊಂಡರು. ಆಮೇಲೆ ಚಂದ್ರಹಾಸ ಕಾಗದ ಹಾಕುವುದನ್ನು ಬಿಟ್ಟರು. ಮಂಡಿ ನೋವಿನಿಂದ ಶಾಲೆಯ ಕೆಲಸವನ್ನೂ ಬಿಟ್ಟರು. ಯುದ್ಧ ಮುಗಿಯಿತೆಂದು ಟಿವಿಯಲ್ಲಿ ತೋರಿಸಿದ ವಾರ ನಾನು ಅವರ ಮನೆಗೆ ಹೋಗಿದ್ದೆ. ನಿರಾಶ್ರಿತರ ಶಿಬಿರದ ತಂತಿ ಬೇಲಿಯೊಳಗೆ ಸಾವಿರಾರು ಜನ ನೀರಿಗೆ ಕೊಡ ಹಿಡಿದು ಸಾಲು ನಿಂತಿದ್ದರು. ಚಂದ್ರಹಾಸ ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡು ಒಂದೊಂದೇ ಮುಖ ನೋಡುತ್ತಿದ್ದರು. ಅನ್ನಪೂರಣಿಯನ್ನು, ಮಗಳನ್ನು ಈಗ ಕಂಡರೂ ಇವರಿಗೆ ಗುರುತು ಸಿಗಲಿಕ್ಕಿಲ್ಲ ಎಂದು ಶೀಲಾ ಮೆಲ್ಲಗೆ ನನಗೆ ಹೇಳಿದರು. ಸುದ್ದಿ ಮುಗಿದು ಜಾಹೀರಾತು ಬಂದಾಗಲೂ ಚಂದ್ರಹಾಸ ಕುರ್ಚಿ ಹಿಂದಕ್ಕೆ ಸರಿಸಲಿಲ್ಲ.